ಹೊಸ ಇಯರ್‌ಬಡ್ಸ್, ಹೊಸ ಸ್ಪೀಕರ್: ಈಗಲೇ ಕೊಳ್ಳೋದಾ, ಕಾಯೋದಾ?

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಗಳಲ್ಲಿ ನಿಂತರೆ ಈಗ ಒಂದು ಹೊಸ ಪ್ರಶ್ನೆ ಕಿವಿಗೆ ಬೀಳುತ್ತದೆ. “ಅಣ್ಣಾರ, ಇದರಾಗ ಬ್ಲೂಟೂತ್ 6 ಐತೇನ್ರಿ?” ಅಂಗಡಿಯವರು “ಐತ್ರೀ ಸರ” ಎಂದರೆ ವ್ಯಾಪಾರ ಅರ್ಧ ಮುಗಿದ ಹಾಗೆ. ಮೊದಲು ಎಷ್ಟು ವ್ಯಾಟ್ ಅಂತ ಕೇಳುತ್ತಿದ್ದೆವು, ಈಗ ಬ್ಲೂಟೂತ್ ನಂಬರ್ ಕೇಳುತ್ತೇವೆ. ನಂಬರ್ ದೊಡ್ಡದಾದಷ್ಟೂ ಧ್ವನಿ ಚೆನ್ನಾಗಿರುತ್ತದೆ ಎಂಬ ನಂಬಿಕೆ ಮಾತ್ರ ಹಾಗೇ ಉಳಿದಿದೆ.

ಈ ನಂಬಿಕೆಯಿಂದ ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದನ್ನು ನೋಡಿದರೆ ಬೇಜಾರಾಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಬರುತ್ತಿರುವ ಹೊಸ ತಂತ್ರಜ್ಞಾನಗಳಲ್ಲಿ ಕಾಯಲು ಯೋಗ್ಯವಾದದ್ದು ಎರಡೇ: ಆರಾಕಾಸ್ಟ್ (ಒಂದು ಸಾಧನದ ಧ್ವನಿಯನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ಲೂಟೂತ್ ವಿದ್ಯೆ) ಮತ್ತು ನಾವೇ ಬದಲಿಸಬಹುದಾದ ಬ್ಯಾಟರಿ. ಉಳಿದದ್ದಕ್ಕೆಲ್ಲ ಕಾಯುವ ಅಗತ್ಯವಿಲ್ಲ. ಒಳ್ಳೆಯ ಧ್ವನಿ ಯಾವುದು ಅಂತ ತಿಳಿಯಲು ಧಾರವಾಡ, ಗದಗ ಕಡೆಯವರಿಗೆ ಪೆಟ್ಟಿಗೆಯ ಮೇಲಿನ ಅಂಕಿಗಿಂತ ಒಳ್ಳೆಯ ಅಳತೆ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ನಂಬರಿನ ವಿಷಯ. ಬ್ಲೂಟೂತ್ 6.0 ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದರ ಮುಖ್ಯ ಸೇರ್ಪಡೆ ಎರಡು ಸಾಧನಗಳ ನಡುವಿನ ದೂರವನ್ನು ನಿಖರವಾಗಿ ಅಳೆಯುವ ವಿದ್ಯೆ. ಕಳೆದುಹೋದ ಇಯರ್‌ಬಡ್ ಹುಡುಕಲು, ಫೋನ್ ಹತ್ತಿರ ಬಂದಾಗ ಕಾರಿನ ಬಾಗಿಲು ತೆರೆಯಲು ಅದು ಬೇಕು. ಹಾಡು ಚೆನ್ನಾಗಿ ಕೇಳಲು ಅದರಿಂದ ಏನೂ ಸಿಗುವುದಿಲ್ಲ.

ಧ್ವನಿಗೆ ಸಂಬಂಧಪಟ್ಟ ದೊಡ್ಡ ಬದಲಾವಣೆ ಅದಕ್ಕಿಂತ ಮೊದಲೇ ಆಗಿತ್ತು. ಅದರ ಹೆಸರು ಎಲ್‌ಇ ಆಡಿಯೊ, ಬ್ಲೂಟೂತ್‌ನಲ್ಲಿ ಧ್ವನಿ ಕಳಿಸುವ ಹೊಸ ವಿಧಾನ. ಆರಾಕಾಸ್ಟ್ ಇದರದೇ ಒಂದು ಭಾಗ. 2020ರ ಜನವರಿಯಲ್ಲಿ ಘೋಷಣೆಯಾಯಿತು, 2022ರ ಜುಲೈ ಹೊತ್ತಿಗೆ ನಿಯಮಗಳೆಲ್ಲ ಪೂರ್ತಿಯಾದವು. ಇದಕ್ಕೆ ಬೇಕಾದ ಅಡಿಪಾಯ ಬ್ಲೂಟೂತ್ 5.2ರಲ್ಲೇ ಇದೆ. ಆದರೆ ಇದನ್ನು ಹಾಕಲೇಬೇಕು ಅಂತ ಕಂಪನಿಗಳಿಗೆ ಕಡ್ಡಾಯ ಇಲ್ಲ. ಹಾಗಾಗಿ 5.3, 5.4 ಅಂತ ಬರೆದ ಎಷ್ಟೋ ಇಯರ್‌ಬಡ್ಸ್‌ಗಳಲ್ಲಿ ಎಲ್‌ಇ ಆಡಿಯೊ ಇರುವುದೇ ಇಲ್ಲ. ಅಂಗಡಿಯಲ್ಲಿ ನಂಬರ್ ಕೇಳಬೇಡಿ, ಪೆಟ್ಟಿಗೆಯ ಮೇಲೆ ‘ಎಲ್‌ಇ ಆಡಿಯೊ’ ಅಥವಾ ‘ಆರಾಕಾಸ್ಟ್’ ಎಂಬ ಹೆಸರಿದೆಯಾ ನೋಡಿ. ನಿಮ್ಮ ಫೋನ್ ಕೂಡ ಇದಕ್ಕೆ ಒಪ್ಪಬೇಕು. ಆಂಡ್ರಾಯ್ಡ್ 13ರಿಂದ ಈ ಸೌಲಭ್ಯ ಸಾಫ್ಟ್‌ವೇರ್‌ನಲ್ಲಿದೆ, ಆದರೆ ಫೋನಿನ ಚಿಪ್ ಮತ್ತು ಕಂಪನಿ ಎರಡೂ ಅದನ್ನು ಕೊಟ್ಟಿರಬೇಕು.

ಇದರಿಂದ ಆಗುವ ಲಾಭ ಕರೆ ಮಾಡುವಾಗ ಚೆನ್ನಾಗಿ ಗೊತ್ತಾಗುತ್ತದೆ. ಹಳೆಯ ಬ್ಲೂಟೂತ್‌ನಲ್ಲಿ ಮೈಕ್ ಚಾಲೂ ಆದ ಕೂಡಲೇ ಧ್ವನಿ ಹಳೇ ಟೆಲಿಫೋನಿನ ಮಟ್ಟಕ್ಕೆ ಇಳಿಯುತ್ತದೆ. ಆನ್‌ಲೈನ್ ಕ್ಲಾಸ್‌ನಲ್ಲಿ ಕೂತ ಮಕ್ಕಳಿಗೆ ಇದರ ಅನುಭವ ಇದ್ದೇ ಇರುತ್ತದೆ. ಎಲ್‌ಇ ಆಡಿಯೊದಲ್ಲಿ ಮೈಕ್ ನಡೆಯುತ್ತಿರುವಾಗಲೂ ಧ್ವನಿ ತುಂಬಾ ಸ್ಪಷ್ಟವಾಗಿರಬಲ್ಲದು. ಬ್ಯಾಟರಿಯೂ ಕಡಿಮೆ ಸಾಕು.

ಇನ್ನು ಕೋಡೆಕ್. ಹಾಡನ್ನು ಚಿಕ್ಕದು ಮಾಡಿ ಗಾಳಿಯಲ್ಲಿ ಕಳಿಸುವ ವಿಧಾನಕ್ಕೆ ಈ ಹೆಸರು. ಸಿಡಿಯಲ್ಲಿರುವ ಸಂಗೀತಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಎಲ್ಲ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲೂ ಇರುವ ಎಸ್‌ಬಿಸಿ ಅದನ್ನು ಸುಮಾರು 328ಕ್ಕೆ ಇಳಿಸುತ್ತದೆ. ಐಫೋನ್ ಬಳಸುವ ಎಎಸಿ ಸುಮಾರು 256ಕ್ಕೆ. ಸೋನಿಯವರ ಎಲ್‌ಡಿಎಸಿ 990ರ ತನಕ ಹೋಗುತ್ತದೆ, ಸಿಗ್ನಲ್ ಸಾಲದಿದ್ದರೆ 660ಕ್ಕೆ, 330ಕ್ಕೆ ಇಳಿಯುತ್ತದೆ. ಸಾವಿರ ಜನರ ಜೇಬಿನಲ್ಲಿ ಸಾವಿರ ಫೋನ್ ಇರುವ ಬಸ್ ಸ್ಟ್ಯಾಂಡಿನಲ್ಲಿ 990 ಹಿಡಿದು ನಿಲ್ಲುವುದು ಕಷ್ಟ. ಐಫೋನ್‌ನಲ್ಲಿ ಎಲ್‌ಡಿಎಸಿ ಇಲ್ಲವೇ ಇಲ್ಲ. ಅದಕ್ಕಂತ ಜಾಸ್ತಿ ದುಡ್ಡು ಕೊಟ್ಟು ಐಫೋನಿಗೆ ಜೋಡಿಸಿದರೆ ಆ ದುಡ್ಡು ದಂಡ.

ಅದಕ್ಕಿಂತ ಮುಖ್ಯವಾದ ಮಾತು, ಹಾಡು ಬರುವುದು ಎಲ್ಲಿಂದ? ನಲ್ಲಿ ಎಷ್ಟೇ ದೊಡ್ಡದು ಹಾಕಿಸಿದರೂ ಟ್ಯಾಂಕಿನಲ್ಲಿ ನೀರಿರಬೇಕಲ್ಲ. ಯೂಟ್ಯೂಬ್‌ನಲ್ಲಿ ಹಾಡಿನ ಧ್ವನಿ ಬರುವುದು ಹೆಚ್ಚಾಗಿ 130ರಿಂದ 160 ಕಿಲೋಬಿಟ್ ಆಸುಪಾಸಿನಲ್ಲಿ. ಅದನ್ನು ಸಾಗಿಸಲು ಎಸ್‌ಬಿಸಿಯೇ ಸಾಕು. ನಮ್ಮ ಭಾಗದ ಕೇಳುಗರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರ ಹಳೆಯ ಗಾಯನದಲ್ಲಿ ನಮಗೆ ಇಂದು ಸಿಗುವುದರಲ್ಲಿ ಬಹಳಷ್ಟು ಮೋನೊ ಟೇಪಿನಿಂದ ಬಂದದ್ದು, ಪ್ರತಿಯ ಪ್ರತಿ ಆಗಿ ಇಂಟರ್ನೆಟ್ ಸೇರಿದ್ದು. ಟೇಪಿನಲ್ಲೇ ಇಲ್ಲದ್ದನ್ನು ಎಲ್‌ಡಿಎಸಿ ತಂದುಕೊಡುವುದಿಲ್ಲ. ಆ ಧ್ವನಿಗಳು ಚೆನ್ನಾಗಿ ಕೇಳಬೇಕು ಅಂದರೆ ಬೇಕಾದದ್ದು ಮಧ್ಯದ ಸ್ವರಗಳನ್ನು ನಿಜವಾಗಿ, ಅತಿರೇಕ ಇಲ್ಲದೆ ನುಡಿಸುವ ಸ್ಪೀಕರ್. ಆಪಲ್ ಮ್ಯೂಸಿಕ್ 2021ರಿಂದ ಕೊಡುತ್ತಿರುವಂಥ ಲಾಸ್‌ಲೆಸ್ (ಏನನ್ನೂ ಕತ್ತರಿಸದ) ಹಾಡುಗಳನ್ನು ಕೇಳುವವರಿಗೆ ಮಾತ್ರ ಒಳ್ಳೆಯ ಕೋಡೆಕ್ ಉಪಯೋಗಕ್ಕೆ ಬಂದೀತು. ಅವರಿಗೂ ನಾನು ವೈರ್ ಇರುವುದನ್ನೇ ಹೇಳುತ್ತೇನೆ. ಕಾರಣ ಮುಂದೆ ಇದೆ.

ಈಗ ಆ ಅಳತೆಯ ವಿಷಯ. ಸ್ಪೀಕರ್ ಕೊಳ್ಳಲು ಹೋಗುವಾಗ ಫೋನ್‌ನಲ್ಲಿ ತಂಬೂರಿ, ತಬಲಾ, ಗಾಯನ ಮೂರೂ ಇರುವ, ನಿಮಗೆ ಬಾಯಿಪಾಠವಾದ ಒಂದು ಒಳ್ಳೆಯ ರೆಕಾರ್ಡಿಂಗ್ ಇಟ್ಟುಕೊಂಡು ಹೋಗಿ. ಅಂಗಡಿಯವರು ಹಾಕುವ ಧಡಬಡ ಡೆಮೊ ಹಾಡು ಬೇಡ. ಅದರಲ್ಲಿ ಎಲ್ಲ ಸ್ಪೀಕರೂ ಚೆನ್ನಾಗೇ ಕೇಳುತ್ತವೆ.

ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡಸರ ಮಧ್ಯ ಷಡ್ಜ ಸುಮಾರು 138 ಹರ್ಟ್ಜ್. ಆ ತಂಬೂರಿಯ ಖರ್ಜದ (ಎಲ್ಲಕ್ಕಿಂತ ಕೆಳಗಿನ ಸ್ವರದ) ತಂತಿ ಅದರ ಅರ್ಧ, 69 ಹರ್ಟ್ಜ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸ್ಪೀಕರ್‌ಗಳು ಸಾಮಾನ್ಯವಾಗಿ 90ರಿಂದ 110 ಹರ್ಟ್ಜ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಿದ್ದರೂ ಅವುಗಳಲ್ಲಿ ಖರ್ಜ ಕೇಳುತ್ತದೆ. ಹೇಗೆ? ಆ ತಂತಿ ಮೀಟಿದಾಗ 69 ಒಂದೇ ಹುಟ್ಟುವುದಿಲ್ಲ. 138, 207, 276 ಹೀಗೆ ಅದರ ಗುಣಕಗಳೂ ಹುಟ್ಟುತ್ತವೆ. ಜವಾರಿ (ತಂತಿ ಝೇಂಕರಿಸುವಂತೆ ಕುದುರೆಯ ಮೇಲೆ ಮಾಡುವ ಹೊಂದಿಕೆ) ಚೆನ್ನಾಗಿ ಕೂಡಿಸಿದ ತಂಬೂರಿಯಲ್ಲಂತೂ ಈ ಮೇಲಿನ ನಾದಗಳು ತುಂಬಿ ತುಳುಕುತ್ತವೆ. ಅವನ್ನು ಕೇಳಿಸಿಕೊಂಡ ಮಿದುಳು ಕೆಳಗಿನ 69ನ್ನು ತಾನೇ ತುಂಬಿಕೊಳ್ಳುತ್ತದೆ. ಫೋನಿನ ಸಣ್ಣ ಸ್ಪೀಕರ್ ಹಾಕಿಕೊಂಡು ರಿಯಾಜ್ ಮಾಡಲು ಆಗುವುದು ಇದರಿಂದಲೇ.

ಆದ್ದರಿಂದ ತಂಬೂರಿ ಕೇಳಿಸಿತು ಅಂದ ಮಾತ್ರಕ್ಕೆ ಸ್ಪೀಕರ್ ಕೆಳಗಿನ ಸ್ವರಕ್ಕೆ ಇಳಿಯಿತು ಅಂತ ಅರ್ಥವಲ್ಲ. ತಂಬೂರಿಯಲ್ಲಿ ನೋಡಬೇಕಾದದ್ದು ಬೇರೆ. ನಾಲ್ಕು ತಂತಿ ನಾಲ್ಕಾಗಿ ಕೇಳುತ್ತವಾ? ಒಂದು ತಂತಿಯ ನಾದ ಅರಳಿ, ಮುಂದಿನದಕ್ಕೆ ಸೇರುವುದು ಗೊತ್ತಾಗುತ್ತದಾ? ಎಲ್ಲ ಕಲಸಿ ಒಂದೇ ಗುಂಯ್ ಅಂತ ಕೇಳಿದರೆ ಆ ಸ್ಪೀಕರ್ ಮೇಲಿನ ಸ್ವರಗಳನ್ನು ಕಲಸುತ್ತಿದೆ.

ಕೆಳಗಿನ ಸ್ವರಕ್ಕೆ ಡಗ್ಗಾ (ತಬಲಾ ಜೋಡಿಯಲ್ಲಿ ದೊಡ್ಡದು) ಕೇಳಿ. ತಬಲಾದವರು ಡಗ್ಗಾದ ಮೇಲೆ ಮಣಿಕಟ್ಟು ಒತ್ತಿ ಜಾರಿಸಿದಾಗ ನಾದ ಕೆಳಗಿನಿಂದ ಮೇಲಕ್ಕೆ ಬಾಗುತ್ತದೆ. ಒಳ್ಳೆಯ ಸ್ಪೀಕರ್‌ನಲ್ಲಿ ಆ ಬಾಗು ಪೂರ್ತಿ ಕೇಳುತ್ತದೆ. ಕೆಟ್ಟದ್ದರಲ್ಲಿ ಪ್ರತಿ ಪೆಟ್ಟೂ ‘ಧಪ್’ ಅಂತ ಒಂದೇ ಸಮ. ‘ಡೀಪ್ ಬಾಸ್’, ‘ಎಕ್ಸ್‌ಟ್ರಾ ಬಾಸ್’ ಅಂತ ಮಾರುವ ಎಷ್ಟೋ ಸೆಟ್‌ಗಳು ಇಲ್ಲಿ ಸೋಲುತ್ತವೆ. ಅವು ಒಂದು ಜಾಗದಲ್ಲಿ ಮಾತ್ರ ಬಾಸ್ ಉಬ್ಬಿಸಿರುತ್ತವೆ, ಡಗ್ಗಾದ ನಾದ ಆ ಜಾಗ ದಾಟುವಾಗ ಮುಗ್ಗರಿಸುತ್ತದೆ.

ಕೊನೆಗೆ ಗಾಯಕರು ತಾರ ಸಪ್ತಕದಲ್ಲಿ ನಿಂತ ಕಡೆ ಕೇಳಿ. ಕಿವಿಗೆ ಚುಚ್ಚಿದರೆ ಅಲ್ಲೇ ಇಟ್ಟು ಬನ್ನಿ. ಚುಚ್ಚುವ ಧ್ವನಿ ವಾರ ಕಳೆದರೆ ರೂಢಿಯಾಗುತ್ತದೆ ಅನ್ನುವ ಮಾತು ನಂಬಬೇಡಿ. ಅರ್ಧ ಗಂಟೆ ಕೇಳಿದ ಮೇಲೆ ತಲೆ ಭಾರ ಆಗುವುದು ಇದರಿಂದಲೇ.

ಇದನ್ನೆಲ್ಲ ಮೂರು ಮಟ್ಟದಲ್ಲಿ ಕೇಳಬೇಕು: ಮೆಲ್ಲಗೆ, ಮಧ್ಯಮ, ಮುಕ್ಕಾಲು. ಚಿಕ್ಕ ಸ್ಪೀಕರ್ ಒಳಗಿನ ಚಿಪ್ ಮೆಲ್ಲಗೆ ನುಡಿಸುವಾಗ ಬಾಸ್ ಹೆಚ್ಚಿಸುತ್ತದೆ, ಜೋರಾದಾಗ ಸ್ಪೀಕರ್ ಹಾಳಾಗದಂತೆ ಬಾಸ್ ಕತ್ತರಿಸುತ್ತದೆ. ಅಂಗಡಿಯ ಮೂಲೆಯ ಗಾಜಿನ ಕಪಾಟಿನಲ್ಲಿ ಇಟ್ಟರೆ ಗೋಡೆ ಮತ್ತು ಹಲಗೆ ಸೇರಿ ಬಾಸ್ ಇನ್ನೂ ಉಬ್ಬುತ್ತದೆ. ಅದನ್ನು ಕೈಯಲ್ಲೆತ್ತಿ ಕೇಳಿದರೆ ನಿಜವಾದ ಧ್ವನಿ ಗೊತ್ತಾಗುತ್ತದೆ. ಹೀಗೆ ನುಡಿಸಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ, ನಾಲ್ಕು ಹೆಜ್ಜೆ ಆಚೆ ಇನ್ನೊಂದು ಅಂಗಡಿ ಇರುತ್ತದೆ.

ವ್ಯಾಟ್ ಬಗ್ಗೆ ಎರಡೇ ಮಾತು. ಆರ್‌ಎಂಎಸ್ (ಸತತವಾಗಿ ಕೊಡುವ ಶಕ್ತಿ) ಅಂತ ಬರೆದ ಅಂಕಿ ಮಾತ್ರ ನೋಡಿ, ಪಿಎಂಪಿಒ (ಕ್ಷಣ ಮಾತ್ರದ ಶಕ್ತಿ) ಎಂಬ ದೊಡ್ಡ ಅಂಕಿಗೆ ಬೆಲೆ ಕೊಡಬೇಡಿ. 10 ವ್ಯಾಟ್ ಬದಲು 20 ವ್ಯಾಟ್ ಅಂದರೆ ಎರಡರಷ್ಟು ಜೋರು ಅಲ್ಲ, ಬರೀ 3 ಡೆಸಿಬಲ್ ಹೆಚ್ಚು. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತರಷ್ಟು ಶಕ್ತಿ.

ಇಯರ್‌ಬಡ್ಸ್‌ನಲ್ಲಿ ಎಲ್ಲರಿಗೂ ಬೇಕಾದದ್ದು ಈಗ ನಾಯ್ಸ್ ಕ್ಯಾನ್ಸಲೇಷನ್. ಹೊರಗಿನ ಸದ್ದನ್ನು ಮೈಕ್ ಕೇಳಿಸಿಕೊಂಡು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಎರಡೂ ಸೇರಿ ಸದ್ದು ಅಡಗುತ್ತದೆ. 100 ಹರ್ಟ್ಜ್‌ನ ಒಂದು ಅಲೆಯ ಉದ್ದ ಮೂರು ಮೀಟರ್‌ಗಿಂತ ಜಾಸ್ತಿ, ಅದಕ್ಕೆ ಎದುರು ಅಲೆ ಹೊಂದಿಸಲು ಸಮಯ ಸಿಗುತ್ತದೆ. 5,000 ಹರ್ಟ್ಜ್‌ನ ಅಲೆ ಏಳು ಸೆಂಟಿಮೀಟರ್ ಕೂಡ ಇಲ್ಲ, ಅಲ್ಲಿ ಲೆಕ್ಕ ಸ್ವಲ್ಪ ತಪ್ಪಿದರೂ ಕೆಲಸ ಕೆಡುತ್ತದೆ. ಹಾಗಾಗಿ ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನ ಎಸಿ ಗುಂಯ್‌ಗುಡುವಿಕೆ, ರೈಲಿನ ಗಡಗಡ ಚೆನ್ನಾಗಿ ಅಡಗುತ್ತದೆ. ಪಕ್ಕದ ಸೀಟಿನವರ ಫೋನ್ ಮಾತು ಅಷ್ಟಾಗಿ ಅಡಗುವುದಿಲ್ಲ. ಅದನ್ನು ತಡೆಯುವುದು ಕಿವಿಯಲ್ಲಿ ಸರಿಯಾಗಿ ಕೂತ ರಬ್ಬರ್ ಟಿಪ್. ‘50 ಡೆಸಿಬಲ್’ ಅಂತ ಬರೆದಿದ್ದರೆ ಅದು ಯಾವುದೋ ಒಂದು ಸ್ವರದಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕಿ, ಎಲ್ಲ ಸದ್ದಿಗೂ ಅಲ್ಲ. ಪೆಟ್ಟಿಗೆಯಲ್ಲಿ ಬರುವ ಮೂರೂ ಅಳತೆಯ ಟಿಪ್ ಹಾಕಿ ನೋಡಿ. ಎಡ ಕಿವಿಗೊಂದು ಅಳತೆ, ಬಲಕ್ಕೊಂದು ಬೇಕಾಗುವುದೂ ಉಂಟು. ಟಿಪ್ ಸಡಿಲ ಇದ್ದರೆ ಬಾಸ್ ಸೋರಿಹೋಗುತ್ತದೆ, ಎಷ್ಟು ದುಬಾರಿಯ ಸೆಟ್ ಆದರೂ ತೆಳ್ಳಗೆ ಕೇಳುತ್ತದೆ. ಗಾಡಿ ಓಡಿಸುವಾಗ ಮಾತ್ರ ಇದನ್ನು ಹಾಕಲೇಬೇಡಿ. ಹಿಂದಿನ ಲಾರಿಯ ಹಾರ್ನ್ ಕೇಳಿಸಲೇಬೇಕು.

ಇಷ್ಟು ಈಗ ಸಿಗುವುದರ ಬಗ್ಗೆ. ಬರುತ್ತಿರುವುದರಲ್ಲಿ ನನಗೆ ತುಂಬಾ ಆಸೆ ಹುಟ್ಟಿಸಿರುವುದು ಆರಾಕಾಸ್ಟ್. ಹಳೆಯ ಬ್ಲೂಟೂತ್ ಒಂದು ಫೋನಿಗೆ ಒಂದು ಹೆಡ್‌ಫೋನ್ ಎಂಬ ಲೆಕ್ಕದಲ್ಲಿ ನಡೆಯುತ್ತದೆ. ಆರಾಕಾಸ್ಟ್ ರೇಡಿಯೊ ಕೇಂದ್ರದ ಹಾಗೆ ಪ್ರಸಾರ ಮಾಡುತ್ತದೆ. ಒಂದು ಟಿವಿ ಅಥವಾ ಫೋನ್ ಕಳಿಸುವ ಧ್ವನಿಯನ್ನು ಹತ್ತಿರದಲ್ಲಿರುವ ಎಷ್ಟು ಜನ ಬೇಕಾದರೂ ತಮ್ಮ ತಮ್ಮ ಇಯರ್‌ಬಡ್ಸ್‌ನಲ್ಲಿ ಕೇಳಬಹುದು. ಶ್ರವಣಯಂತ್ರದಲ್ಲೂ ಕೇಳಬಹುದು, ದೊಡ್ಡ ವಿಷಯ ಇದು.

ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಅತಿ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಕಿವಿ ಮಂದವಾದ ಅಜ್ಜ ಆ ಗದ್ದಲದಲ್ಲಿ ನಿಂತು ಯಾವ ಗಾಡಿ ಎಲ್ಲಿಗೆ ಬರುತ್ತದೆ ಅಂತ ಪಕ್ಕದವರನ್ನು ಕೇಳುತ್ತಿರುತ್ತಾರೆ. ಅಂಥ ಕಡೆ ಆರಾಕಾಸ್ಟ್ ಹಾಕಿದರೆ ಪ್ರಕಟಣೆ ನೇರ ಅವರ ಶ್ರವಣಯಂತ್ರದೊಳಗೆ ಕೇಳುತ್ತದೆ. ರಂಗಮಂದಿರದಲ್ಲಿ, ಮಠದ ಪ್ರವಚನದಲ್ಲಿ ಹಿಂದಿನ ಸಾಲಿನಲ್ಲಿ ಕೂತವರಿಗೂ ಗಾಯಕರ ಧ್ವನಿ ಎದುರಿಗೆ ಕೂತ ಹಾಗೆ ಕೇಳಬಲ್ಲದು. ಇದಕ್ಕೆ ಬೇಕಾದ ವಿದ್ಯೆ ತಯಾರಿದೆ. ಸಭಾಂಗಣ, ನಿಲ್ದಾಣಗಳಲ್ಲಿ ಯಂತ್ರ ಕೂರಿಸುವುದು ಬಾಕಿ. ನಮ್ಮ ಸಂಘ ಸಂಸ್ಥೆಗಳು ಧ್ವನಿವರ್ಧಕ ಬದಲಿಸುವಾಗ ಇದನ್ನೂ ಕೇಳಬೇಕು ಅಂತ ನನ್ನ ಆಸೆ.

ಅದಕ್ಕೇ ಮನೆಯ ಹಿರಿಯರಿಗೆ ಶ್ರವಣಯಂತ್ರ ಕೊಳ್ಳುವುದಿದ್ದರೆ ಆರಾಕಾಸ್ಟ್ ಇರುವುದನ್ನೇ ಕೇಳಿ. ಅದು ಹಲವು ವರ್ಷ ಬಳಸುವ ವಸ್ತು. ಸ್ಪೀಕರ್‌ಗಳಲ್ಲಿ ಆರಾಕಾಸ್ಟ್ ಈಗಾಗಲೇ ಬಂದಿದೆ. ಜೆಬಿಎಲ್‌ನ ಗೋ 4, ಕ್ಲಿಪ್ 5, ಫ್ಲಿಪ್ 7, ಚಾರ್ಜ್ 6ರಲ್ಲಿ ಇದೆ, ಎರಡು ಮೂರು ಸೇರಿಸಿ ಒಟ್ಟಿಗೆ ನುಡಿಸಬಹುದು. ಆದರೆ ಅದೇ ಕಂಪನಿಯ ಹಿಂದಿನ ಪಾರ್ಟಿಬೂಸ್ಟ್ (ಸ್ಪೀಕರ್‌ಗಳನ್ನು ಒಟ್ಟಿಗೆ ಜೋಡಿಸುವ ಹಳೆಯ ವಿಧಾನ) ಇರುವ ಸ್ಪೀಕರ್ ಜೊತೆ ಇವು ಸೇರುವುದಿಲ್ಲ. ಮನೆಯಲ್ಲಿ ಹಳೆಯ ಫ್ಲಿಪ್ 6 ಇದ್ದು, ಜೋಡಿಗೆ ಇನ್ನೊಂದು ಬೇಕು ಅನ್ನುವವರು ಇದನ್ನು ಗಮನಿಸಿ.

ಉಳಿದ ಹೊಸತುಗಳನ್ನು ಬೇಗ ನೋಡಿಬಿಡೋಣ. ಬ್ಲೂಟೂತ್ ಬದಲು ವೈ-ಫೈ ಮೂಲಕ ಹಾಡು ಕಳಿಸುವ ಎಕ್ಸ್‌ಪ್ಯಾನ್ ಎಂಬ ವಿದ್ಯೆಯನ್ನು ಕ್ವಾಲ್ಕಾಮ್ 2023ರಲ್ಲಿ ತೋರಿಸಿತು. ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೂ ಹಾಡು ತುಂಡಾಗುವುದಿಲ್ಲ. ಆದರೆ ಫೋನ್, ಇಯರ್‌ಬಡ್ಸ್ ಎರಡರಲ್ಲೂ ಅದೇ ಕಂಪನಿಯ ತಕ್ಕ ಚಿಪ್ ಬೇಕು. ಸಿಲಿಕಾನ್ ಚಿಪ್‌ನಿಂದಲೇ ಮಾಡಿದ ಡ್ರೈವರ್‌ಗಳು (ಧ್ವನಿ ಹುಟ್ಟಿಸುವ ಭಾಗಗಳು) ಎಕ್ಸ್‌ಮೆಮ್ಸ್ ಕಂಪನಿಯಿಂದ ಬಂದಿವೆ, ಕ್ರಿಯೇಟಿವ್‌ನ ಔರ್ವಾನ ಏಸ್ ಇಯರ್‌ಬಡ್ಸ್‌ನಲ್ಲಿ 2023ರಲ್ಲೇ ಬಳಸಿದರು. ಮೇಲಿನ ಸ್ವರಗಳು ಸ್ವಚ್ಛವಾಗಿ ಕೇಳುತ್ತವೆ, ಬಾಸ್‌ಗೆ ಮಾತ್ರ ಅದರಲ್ಲೂ ಮಾಮೂಲಿ ಡ್ರೈವರ್ ಜೊತೆಗಿದೆ. ಎರಡಕ್ಕೂ ಈಗ ಹೆಚ್ಚಿಗೆ ದುಡ್ಡು ಕೊಡಬೇಕಾಗಿಲ್ಲ.

ಬ್ಯಾಟರಿ ಹಾಗಲ್ಲ. ಇಯರ್‌ಬಡ್ ಒಳಗಿನ ಬ್ಯಾಟರಿ ತೀರಾ ಚಿಕ್ಕದು, ಹೆಚ್ಚಾಗಿ 40ರಿಂದ 60 ಎಂಎಎಚ್. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಐದರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಧ್ವನಿ ಇನ್ನೂ ಚೆನ್ನಾಗಿದ್ದರೂ ಎರಡು ಮೂರು ವರ್ಷಕ್ಕೆ ಸೆಟ್ ಎಸೆಯಬೇಕಾಗುವುದು ಇದರಿಂದಲೇ. ಅಂಟು ಹಾಕಿ ಮುಚ್ಚಿದ್ದನ್ನು ನಮ್ಮೂರ ರಿಪೇರಿಯವರೂ ಬಿಚ್ಚಲಾರರು. ಯುರೋಪಿನ ಕಾನೂನು 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟು, ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು ಅನ್ನುತ್ತದೆ. ಫೇರ್‌ಫೋನ್ ಕಂಪನಿ 2024ರಲ್ಲೇ ಅಂಥ ಇಯರ್‌ಬಡ್ಸ್ ಮಾಡಿ ತೋರಿಸಿದೆ. ಯುಎಸ್‌ಬಿ-ಸಿ ವಿಷಯದಲ್ಲಿ ಯುರೋಪಿನ ಕಾನೂನಿಗಾಗಿ ಕಂಪನಿಗಳು ಮಾಡಿದ ಬದಲಾವಣೆ ನಮಗೂ ಬಂತು. ಇದೂ ಹಾಗೇ ಬರುತ್ತದೆ ಎಂಬುದು ನನ್ನ ಎಣಿಕೆ. ಇಪ್ಪತ್ತು, ಮೂವತ್ತು ಸಾವಿರದ ಸೆಟ್ ಮೇಲೆ ಕಣ್ಣಿಟ್ಟವರು ಕಾಯುವುದು ಜಾಣತನ. ಎರಡು ಸಾವಿರದ್ದು ಬೇಕಾದವರು ಕಾಯಬೇಕಾಗಿಲ್ಲ. ಯಾವುದೇ ಇರಲಿ, ಏಪ್ರಿಲ್-ಮೇ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬೇಡಿ. ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು.

ಇನ್ನು ವೈರ್. ಧಾರವಾಡದಲ್ಲಿ ಸಂಗೀತ ಕಲಿಯುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ಮಾಮೂಲಿ ಬ್ಲೂಟೂತ್‌ನಲ್ಲಿ ಧ್ವನಿ 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಹಾಡು ಕೇಳುವಾಗ ಗೊತ್ತಾಗುವುದಿಲ್ಲ. ದ್ರುತ್ ಲಯದಲ್ಲಿ ನಿಮಿಷಕ್ಕೆ 240 ಮಾತ್ರೆ ಇದ್ದರೆ ಒಂದು ಮಾತ್ರೆ ಅಂದರೆ 250 ಮಿಲಿಸೆಕೆಂಡ್. ಆ್ಯಪ್‌ನ ತಬಲಾ ಹಾಕಿಕೊಂಡು ಹಾಡಿ ರೆಕಾರ್ಡ್ ಮಾಡಿದರೆ ನೀವು ಅರ್ಧ ಮಾತ್ರೆಗಿಂತ ಹೆಚ್ಚು, ಕೆಲವೊಮ್ಮೆ ಪೂರ್ತಿ ಒಂದು ಮಾತ್ರೆ ಹಿಂದೆ ಬಿದ್ದಿರುತ್ತೀರಿ. ಸಮ್ ತಪ್ಪಿತು ಅಂತ ಬೈಸಿಕೊಳ್ಳುವುದು ನೀವೇ. ಎಲ್‌ಇ ಆಡಿಯೊದಲ್ಲಿ ತಡ ಕಡಿಮೆ, ಆದರೂ ವೈರ್‌ಗೆ ಸಮ ಅಲ್ಲ. ಫೋನ್‌ನಲ್ಲಿ ಹೆಡ್‌ಫೋನ್ ತೂತು ಇಲ್ಲದಿದ್ದರೆ ಯುಎಸ್‌ಬಿ-ಸಿ ಡಾಂಗಲ್ ತಗೊಳ್ಳಿ. ಆಪಲ್‌ನವರದ್ದು ಸಾವಿರ ರೂಪಾಯಿ ಆಸುಪಾಸಿನದ್ದು, ಧ್ವನಿ ತುಂಬಾ ಸ್ವಚ್ಛ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ಧ್ವನಿ ಮೆಲ್ಲಗಾಗುತ್ತದೆ, ಹಚ್ಚಿ ನೋಡಿಯೇ ಕೊಳ್ಳಿ. ಅದಕ್ಕೊಂದು ಒಳ್ಳೆಯ ವೈರ್ ಇಯರ್‌ಫೋನ್ ಸೇರಿಸಿದರೆ ಲಾಸ್‌ಲೆಸ್ ಹಾಡು ಬ್ಲೂಟೂತ್‌ನಲ್ಲಿ ಆಗುವ ಹಾಗೆ ಕತ್ತರಿಸದೆ ಕಿವಿಗೆ ಬರುತ್ತದೆ. ಇದರ ಎರಡರಷ್ಟು ಬೆಲೆಯ ಬ್ಲೂಟೂತ್ ಸೆಟ್ ಕೂಡ ಈ ಧ್ವನಿಗೆ ಸಾಟಿಯಾಗುವುದು ಕಷ್ಟ. ಇದರಲ್ಲಿ ಸಾಯುವ ಬ್ಯಾಟರಿಯೂ ಇಲ್ಲ.

ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ನೋಡಿ. ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ, ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಕಂಪನಿಯ ಯಾವ ವಸ್ತು ಅಂತ ತೋರಿಸುತ್ತದೆ. ದೊಡ್ಡ ಬ್ರಾಂಡಿನ ಹೆಸರಲ್ಲಿ ಮಾರುವ ನಕಲಿ ಮಾಲು ಎಷ್ಟೋ ಸಲ ಇಲ್ಲೇ ಸಿಕ್ಕಿಬೀಳುತ್ತದೆ. ಜಿಎಸ್‌ಟಿ ಬಿಲ್ ತಗೊಳ್ಳದೆ ಬರಬೇಡಿ, ವಾರಂಟಿಗೆ ಅದೇ ಆಧಾರ. ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲೇ ಇದೆಯಾ, ಬೆಂಗಳೂರಿಗೆ ಕಳಿಸಬೇಕಾ ಅಂತ ಮೊದಲೇ ಕೇಳಿ. ಗದಗ, ಹಾವೇರಿ ಕಡೆಯವರಿಗೆ ಇದು ಇನ್ನೂ ಮುಖ್ಯ.

ಎಷ್ಟು ಜೋರಾಗಿ ಕೇಳಬೇಕು ಎಂಬುದಕ್ಕೂ ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90ರಲ್ಲಾದರೆ ಬರೀ 4 ಗಂಟೆ. ಗದ್ದಲದ ಬಸ್ಸಿನಲ್ಲಿ ಓಡಾಡುವವರಿಗೆ ನಾಯ್ಸ್ ಕ್ಯಾನ್ಸಲೇಷನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ, ವಾಲ್ಯೂಮ್ ಏರಿಸದೆಯೇ ಹಾಡು ಕೇಳುತ್ತದೆ.

ಹಳೆಯ ಇಯರ್‌ಬಡ್ಸ್‌ನಲ್ಲಿ ಒಂದು ಕಡೆ ಧ್ವನಿ ಕಡಿಮೆಯಾಯಿತು ಅಂತ ಹೊಸದು ಹುಡುಕುತ್ತಿದ್ದರೆ, ಮೊದಲು ಟಿಪ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಅದರ ಜಾಲರಿಯ ಮೇಲೆ ಕಿವಿಯ ಮೇಣ ಕೂತಿರುತ್ತದೆ. ಜಾಲರಿ ಕೆಳಗೆ ಬರುವಂತೆ ಹಿಡಿದು, ಒಣ ಮೆತ್ತನೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಸೂಜಿ ಚುಚ್ಚಬೇಡಿ, ನೀರು ಹಾಕಬೇಡಿ. ಎಷ್ಟೋ ಸಲ ಧ್ವನಿ ಅಷ್ಟಕ್ಕೇ ವಾಪಸ್ ಬರುತ್ತದೆ.